ಕೆಂಚಿಯ ಉಸಿರುನೀರು

ನಮ್ಮೂರಿನ ದೋಣಿಗಳು ನಡೆಯುತ್ತವೆ. ಯಾರಾದರೂ ನೋಡುತ್ತಿದ್ದರೆ ಮಾತ್ರ ನಡೆಯುವುದಿಲ್ಲ. ಕಣ್ಣು ನೆಟ್ಟು ಕೂತರೆ ಸಂಜೆಯವರೆಗೂ ಕೊರಡಿನ ಹಾಗೆ ಬಿದ್ದಿರುತ್ತವೆ. ಹಿಂದಿನಿಂದ ಯಾರೋ ಕರೆದರೆಂದು ಕತ್ತು ಹೊರಳಿಸಿ ಮತ್ತೆ ಇತ್ತ ನೋಡುವುದರೊಳಗೆ ಒಂದು ಮಾರು ಮುಂದೆ ಹೋಗಿರುತ್ತವೆ. ಸಪ್ಪಳವಿಲ್ಲ, ನೆಲದ ಮೇಲೆ ಗೀರಿಲ್ಲ. ಸೊಸೆಯಾಗಿ ಬಂದವರು ಮೊದಮೊದಲು ಬೆಚ್ಚಿಬೀಳುತ್ತಾರೆ. ಆಮೇಲೆ ಅವರೂ ನಮ್ಮಂತೆ ಸೊಪ್ಪಿನ ಮಡಿಗೆ ಮುಳ್ಳು ಮುಚ್ಚುವುದನ್ನು, ಬಾಗಿಲಿಗೆ ಅಡ್ಡ ನಿಂತ ದೋಣಿಯನ್ನು ಗದರಿಸಿ, ಅದು ಸರಿದುಕೊಳ್ಳಲಿ ಎಂದು ಒಂದು ಗಳಿಗೆ ಬೆನ್ನು ತಿರುಗಿಸುವುದನ್ನು ಕಲಿಯುತ್ತಾರೆ. ನಮ್ಮಲ್ಲಿ ದೋಣಿಗೆ ಬೆನ್ನು ತೋರಿಸುವುದೆಂದರೆ ದಾರಿ ಬಿಟ್ಟುಕೊಟ್ಟಂತೆ.

ದೋಣಿ ಕಟ್ಟುವಾಗ ತಳದ ಎರಡು ಹಲಗೆಗಳ ನಡುವೆ ಒಂದು ಬೊಗಸೆಯಷ್ಟು ಪೊಳ್ಳು ಬಿಡುವುದು ಇಲ್ಲಿಯ ಪದ್ಧತಿ. ದೋಣಿ ಯಾವ ಕೆರೆಯದೋ ಆ ಕೆರೆಯ ನೀರನ್ನು ಅದರೊಳಗೆ ತುಂಬಿ, ಬೆಣೆ ಬಡಿದು, ರಾಳ ಮೆತ್ತಿ ಮುಚ್ಚುತ್ತಾರೆ. ಅದಕ್ಕೆ ಉಸಿರುನೀರು ಎಂದು ಹೆಸರು. ತುಂಬಿದ ಮಾರನೆಯ ದಿನದಿಂದ ದೋಣಿ ನಡೆಯುತ್ತದೆ. ಆಮೇಲೆ ಯಾರೂ ಅದರ ಸುದ್ದಿಗೆ ಹೋಗುವುದಿಲ್ಲ. ನಮ್ಮ ಎದೆಯೊಳಗಿನ ಉಸಿರನ್ನು ನಾವು ಆಗಾಗ ತೆಗೆದು ನೋಡುತ್ತೇವೆಯೇ, ಹಾಗೆ.

ಊರ ನಡುವೆ ಒಂದು ಕಲ್ಲಿನ ದಿನ್ನೆ. ಅದರ ಮೂಡಲಿಗೆ ದೊಡ್ಡಮ್ಮನ ಕೆರೆ, ಪಡುವಲಿಗೆ ಚಿಕ್ಕಮ್ಮನ ಕೆರೆ. ನಾವು ದೊಡ್ಡಮ್ಮನ ಕಡೆಯವರು. ಹಿಂದೆಲ್ಲ ಮಧ್ಯಾಹ್ನ ಉಂಡು ಊರು ಅಡ್ಡಾದ ಹೊತ್ತಿನಲ್ಲಿ ದೋಣಿಗಳು ಈ ಕೆರೆಯಿಂದ ಎದ್ದು ಆ ಕೆರೆಗೆ ಹೋಗಿ ಒಂದು ಸುತ್ತು ಈಜಿ ಬರುತ್ತಿದ್ದವು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಾವು ನಗುತ್ತಿದ್ದೆವು. ಒದ್ದೆ ದೋಣಿಗೆ ಯಾವಾಗಲೂ ಇನ್ನೊಂದು ನೀರಿನ ಚಪಲ. ಚೆನ್ನಾಗಿ ಒಣಗಿದರೆ ಮಾತ್ರ ಆ ಚಪಲಕ್ಕೆ ನಿದ್ದೆ ಹತ್ತುತ್ತದೆ.

ಆಮೇಲೆ ನೆಂಟಬಳ್ಳಿ ಬಂತು. ಎಲ್ಲಿಂದ ಬಂತೋ, ಯಾವ ದೋಣಿಯ ಅಡಿಗೆ ಅಂಟಿಕೊಂಡು ಬಂತೋ ಯಾರಿಗೂ ಗೊತ್ತಿಲ್ಲ. ಮೊದಲ ವರ್ಷ ದೊಡ್ಡಮ್ಮನ ಕೆರೆಯ ಮೂಲೆಯಲ್ಲಿ ಒಂದು ಚಾಪೆಯಗಲ ತೇಲುತ್ತಿತ್ತು. ನೇರಳೆ ಹೂವು, ತುಸು ಸಿಹಿ ವಾಸನೆ. ಹೆಂಗಸರು ಮುಡಿದರು, ದೇವರಿಗೂ ಏರಿಸಿದೆವು. ಬಂದ ನೆಂಟ ನಾಲ್ಕು ದಿನ ಇದ್ದು ಹೋಗುತ್ತಾನೆ ಎಂದುಕೊಂಡರೆ ಇದು ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಬಂದು ಕೊನೆಗೆ ಮನೆಯವರನ್ನೇ ಹೊರಗೆ ಹಾಕಿತು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆರೆಯೇ ಕಾಣದಾಯಿತು. ಮೇಯಲು ಬಂದ ಕರುವೊಂದು ಹುಲ್ಲುಗಾವಲೆಂದು ಕಾಲಿಟ್ಟು ಮುಳುಗಿತು. ಹುಟ್ಟು ಹಾಕಿದರೆ ಮೇಲೇಳುತ್ತಿರಲಿಲ್ಲ. ಮೀನುಗಳು ಉಸಿರುಕಟ್ಟಿ ಸತ್ತು, ತೇಲಲೂ ಜಾಗವಿಲ್ಲದೆ ಬಳ್ಳಿಯ ಅಡಿಯಲ್ಲೇ ಕೊಳೆತವು.

ಚಿಕ್ಕಮ್ಮನ ಕೆರೆ ಮಾತ್ರ ತಳದ ಕಲ್ಲು ಕಾಣುವಷ್ಟು ತಿಳಿಯಾಗಿ ಉಳಿದಿತ್ತು. ಕುಡಿಯುವ ನೀರಿಗೂ ಇಡೀ ಊರಿಗೆ ಅದೊಂದೇ ದಿಕ್ಕಾಯಿತು. ಆ ಕಡೆಯ ಯಜಮಾನ ಬಿಳಿಗಿರಯ್ಯ ದಿನ್ನೆಯ ಮೇಲೆ ನಿಂತು ನಮ್ಮ ಬೆಸ್ತರನ್ನೆಲ್ಲ ಕರೆಸಿದ. ಒರಟು ಮನುಷ್ಯ, ನಕ್ಕಿದ್ದನ್ನು ನೋಡಿದವರು ಕಡಿಮೆ. "ಹೊಟ್ಟೆ ಎಲ್ರಿಗೂ ಒಂದೇಯ. ನಮ್ಮ ಕೆರೇಲಿ ನೀವೂ ಬಲೆ ಬಿಡಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಒಣಗಿ ಬನ್ನಿ. ಒದ್ದೆ ಇದ್ರೆ ಬಳ್ಳೀನೂ ಜೊತೇಲಿ ಬರ್ತದೆ," ಎಂದ. ಮಳೆ ಹಿಡಿಯುವ ಮೊದಲು ಒಣಗದ ದೋಣಿಯನ್ನು ಸುಡಬೇಕು ಎಂದೂ ಸೇರಿಸಿದ. ಮಳೆ ಬಂದರೆ ದಿನ್ನೆಯ ಮೇಲಿನ ದೋಣಿ ಮತ್ತೆ ನೆನೆದು, ಹಗ್ಗ ಕಿತ್ತುಕೊಂಡು ಸೀದಾ ಚಿಕ್ಕಮ್ಮನ ಕೆರೆಗೇ ಇಳಿಯುತ್ತದೆ. ಅದು ನಮಗೂ ಗೊತ್ತಿದ್ದುದರಿಂದ ಯಾರೂ ಎದುರಾಡಲಿಲ್ಲ.

ಅಂದಿನಿಂದ ಒದ್ದೆಯಾದದ್ದು ಯಾವುದೂ ದಿನ್ನೆ ದಾಟುವಂತಿಲ್ಲ. ದೋಣಿ, ಬಲೆ, ಗಾಳ, ಮೀನಿನ ಬುಟ್ಟಿ, ಎಮ್ಮೆಯ ಬಾಲ ಯಾವುದೂ ಇಲ್ಲ. ನಮ್ಮ ಕಡೆಯ ಮದುವಣಗಿತ್ತಿ ಎಣ್ಣೆಶಾಸ್ತ್ರ ಮುಗಿಸಿ ಹೊರಟರೆ ಅವಳ ಕೂದಲು ಒಣಗುವವರೆಗೆ ದಿಬ್ಬಣ ದಿನ್ನೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತದೆ. ತವರು ಬಿಟ್ಟ ದುಃಖಕ್ಕೆ ಹುಡುಗಿ ಅತ್ತರೆ, "ಅಳೋದಾದ್ರೆ ಆ ಕಡೆ ಹೋಗಿ ಅಳವ್ವ, ಇಲ್ಲಿ ತೊಟ್ಟಿಕ್ಕಬ್ಯಾಡ" ಎಂದು ಮುದುಕಿಯರು ರೇಗಿಸುತ್ತಾರೆ.

ದಿನ್ನೆ ಕಾಯುವ ಕೆಲಸ ನನ್ನದು. ನನ್ನ ಹೆಸರು ದೇವೀರಮ್ಮ. ಊರು ನನ್ನ ಬುದ್ಧಿ ನೋಡಿ ಈ ಕೆಲಸ ಕೊಟ್ಟಿತೆಂದು ಹೇಳಿಕೊಳ್ಳಲು ನನಗೂ ಆಸೆಯೇ. ನಿಜವೇನೆಂದರೆ ಅವರು ನೋಡಿದ್ದು ನನ್ನ ಹಲ್ಲು. ದೋಣಿ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ನಾವು ಕಂಡುಕೊಂಡ ದಾರಿ ಕಡ್ಲೆಪುರಿ. ಸಂಜೆ ಒಂದು ಹಿಡಿ ಪುರಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಬೋರಲು ಹಾಕಿದ ದೋಣಿಯ ಅಡಿಗೆ ಇಡುತ್ತೇವೆ. ಬೆಳಗ್ಗೆ ಎರಡು ಕಡೆಯವರ ಎದುರಿಗೆ ನಾನು ಅದನ್ನು ಜಗಿಯುತ್ತೇನೆ. ಕುರುಕುರು ಎಂದರೆ ದೋಣಿ ಒಣಗಿದೆ, ದಾಟಬಹುದು. ಮೆತ್ತಗಿದ್ದರೆ ಎಲ್ಲೋ ತೇವವಿದೆ, ಇನ್ನೂ ಬಿಸಿಲು ಕಾಯಬೇಕು. ನಾನು ಜಗಿಯುವಾಗ ಅಷ್ಟು ಜನ ಗಂಡಸರು ಉಸಿರು ಬಿಗಿಹಿಡಿದು ನನ್ನ ದವಡೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಯಾವ ರಾಣಿಯ ಬಾಯಿಗೂ ಅಷ್ಟು ಮರ್ಯಾದೆ ಸಿಕ್ಕಿರಲಾರದು.

ಆ ಬೇಸಿಗೆ ನಮ್ಮ ಕಡೆಯ ದೋಣಿಗಳೆಲ್ಲ ಒಂದೊಂದಾಗಿ ಒಣಗಿ, ಕುರುಕೆನಿಸಿ, ದಿನ್ನೆ ಇಳಿದವು. ಉಳಿದದ್ದು ಒಂದೇ. ನನ್ನ ತಮ್ಮ ಜವರನ ಕೆಂಚಿ.

ಕೆಂಚಿಯನ್ನು ಜವರ ತನ್ನ ಕೈಯಾರೆ ಕಟ್ಟಿದ್ದ. ಅವನ ಮದುವೆಯಾದ ವರ್ಷ, ಹೆಂಡತಿ ಹೊಂಬಾಳೆ ಪಕ್ಕದಲ್ಲಿ ಕೂತು ರಾಳ ಕಾಯಿಸಿಕೊಡುತ್ತಿದ್ದಳು. ನಮ್ಮ ಕೆರೆಯಲ್ಲಿ ಕಟ್ಟಿದ ಕೊನೆಯ ದೋಣಿ ಅದು. ಕೆಂಪು ಬಣ್ಣದ ಮರ, ಸ್ವಲ್ಪ ಎಡಕ್ಕೆ ವಾಲಿದ ಮೂತಿ, ಮಹಾ ಹಟಮಾರಿ. ಜವರ ಬಲಕ್ಕೆ ಹುಟ್ಟು ಹಾಕಿದರೆ ಅವಳು ಎಡಕ್ಕೆ ಹೋಗುವಳು. ನೋಡಿದರೆ ಮೀನು ಎಡಕ್ಕೇ ಇರುತ್ತಿತ್ತು. ಊಟಕ್ಕೆ ಬಾರದೆ ಅವನು ಎಲ್ಲಾದರೂ ಹರಟುತ್ತಾ ಕೂತರೆ ಹಿಂದಿನಿಂದ ಬಂದು ಬೆನ್ನಿಗೆ ತಾಗಿ ನಿಲ್ಲುತ್ತಿದ್ದಳು. "ಮನೇಲಿ ಒಬ್ಳು, ಕೆರೇಲಿ ಒಬ್ಳು. ನನ್ನ ಪಾಡು ನಾಯಿಪಾಡು," ಎಂದು ಎಲ್ಲರೆದುರು ಗೊಣಗುತ್ತಿದ್ದ. ಮುಖದ ತುಂಬ ಹೆಮ್ಮೆ.

ಆ ಕೆಂಚಿ ಎಷ್ಟು ಬಿಸಿಲು ಕಾಸಿದರೂ ಒಣಗಲಿಲ್ಲ. ಹೊರಗಿನ ಹಲಗೆ ಸುಡುತ್ತಿತ್ತು, ಅಂಚಿನಲ್ಲಿ ಬಿರುಕು ಬಿಡಲು ಶುರುವಾಗಿತ್ತು. ಆದರೂ ಬೆಳಗ್ಗೆ ಪುರಿ ಬಾಯಿಗೆ ಹಾಕಿದರೆ ಮೆತ್ತಗೆ. ಜೊತೆಗೆ ನಾಲಗೆಯ ತುದಿಗೆ ಒಂಥರ ಸಿಹಿ ಕಂಪು ತಾಗುತ್ತಿತ್ತು. ಕೆಂಪು ಮರದ ಕಂಪಿರಬೇಕು ಎಂದುಕೊಂಡಿದ್ದೆ. "ಮೆತ್ತಗೈತೆ," ಎಂದು ನಾನು ಹೇಳಿದಾಗಲೆಲ್ಲ ಜವರ ತಲೆ ತಗ್ಗಿಸಿ ಹೋಗುತ್ತಿದ್ದ. ಜೊತೆಯವರೆಲ್ಲ ಚಿಕ್ಕಮ್ಮನ ಕೆರೆಯಲ್ಲಿ ಬಲೆ ಎಳೆಯುತ್ತಿದ್ದರೆ ಇವನು ದೊಡ್ಡಮ್ಮನ ಕೆರೆಯ ದಡದಲ್ಲಿ ನೆಂಟಬಳ್ಳಿ ಕೀಳುತ್ತಿದ್ದ. ಹೊಟ್ಟೆಗೆ ತಣ್ಣೀರು ಬಟ್ಟೆ. ಹೊಂಬಾಳೆ ಬಸುರಿ ಬೇರೆ. ನಾನು ರಾಗಿ ಕೊಟ್ಟು ಕಳಿಸಿದರೆ ಅವನು ವಾಪಸು ಕಳಿಸುತ್ತಿದ್ದ. "ರಾಗಿ ಬ್ಯಾಡ, ಒಂದು ಸಲ ಕುರುಕು ಅನ್ನು ಅಂತ ಹೇಳು ಅಕ್ಕಂಗೆ," ಎಂದಿದ್ದನಂತೆ. ಮಾತು ಕೇಳಿ ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು.

ಪಡುವಲಲ್ಲಿ ಮೋಡ ಕಟ್ಟತೊಡಗಿತು. ಬಿಳಿಗಿರಯ್ಯ ದಿನಾ ಬೆಳಗ್ಗೆ ಬಂದು ಆಕಾಶ ನೋಡಿ, ಕೆಂಚಿಯನ್ನು ನೋಡಿ, ನನ್ನನ್ನು ನೋಡಿ ಹೋಗುತ್ತಿದ್ದ. ಒಂದು ದಿನ ಸೌದೆಯ ಹೊರೆಯೊಂದನ್ನು ತರಿಸಿ ದಿನ್ನೆಯ ಮೂಲೆಯಲ್ಲಿ ಇಳಿಸಿದ. ಯಾತಕ್ಕೆಂದು ನಾನು ಕೇಳಲಿಲ್ಲ.

ಮಾರನೆಯ ಬೆಳಗ್ಗೆ ಪುರಿಯ ಗಂಟನ್ನು ಕೆಂಚಿಯ ಅಡಿಯಿಂದ ತೆಗೆದುಕೊಟ್ಟವನು ಜವರ. ಗಂಟು ಬಿಚ್ಚಿ ಬಾಯಿಗೆ ಹಾಕಿಕೊಂಡೆ. ಕುರುಂ ಎಂದಿತು. ದಿನ್ನೆಯ ಆ ತುದಿಯಲ್ಲಿ ನಿಂತವರಿಗೂ ಕೇಳಿಸಿರಬೇಕು. ನಮ್ಮ ಕಡೆಯವರು ಹೋ ಎಂದರು. ಆದರೆ ನನ್ನ ನಾಲಗೆಗೆ ಆ ಸಿಹಿ ಕಂಪು ತಾಗಲಿಲ್ಲ. ಪುರಿ ಬೆಚ್ಚಗಿತ್ತು, ಒಲೆಯ ಮೇಲೆ ಹುರಿದು ಸೊಂಟದಲ್ಲಿ ಸಿಕ್ಕಿಸಿಕೊಂಡು ತಂದ ಬೆಚ್ಚಗೆ. ಜವರನ ಮುಖ ನೋಡಿದೆ. ಅವನು ಚಿಕ್ಕಂದಿನಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದಾಗ ಹೇಗೆ ನಿಲ್ಲುತ್ತಿದ್ದನೋ ಹಾಗೇ ನಿಂತಿದ್ದ. ಒಂದು ಮಾತು, 'ಕುರುಕು' ಅಂದರೆ ಅವನ ಮನೆಯಲ್ಲಿ ಒಲೆ ಉರಿಯುತ್ತದೆ. 'ಪುರಿ ಬದಲಾಯಿಸಿದ್ದಾನೆ' ಅಂದರೆ ಅವನು ಊರಲ್ಲಿ ತಲೆ ಎತ್ತುವಂತಿಲ್ಲ.

"ಮೆತ್ತಗೈತೆ," ಎಂದೆ.

ಬಿಳಿಗಿರಯ್ಯನೇ ಹುಬ್ಬು ಗಂಟಿಕ್ಕಿದ. "ಏನು ದೇವೀರವ್ವ, ನಮ್ಗೆಲ್ಲ ಕೇಳುಸ್ತಲ್ಲ?"

"ಕಿವಿ ನಿಮ್ದು, ಹಲ್ಲು ನಂದು. ಮೆತ್ತಗೈತೆ ಅಂದ್ರೆ ಮೆತ್ತಗೈತೆ."

ಜನ ಗೊಣಗುತ್ತಾ ಚದುರಿದರು. ಸ್ವಂತ ತಮ್ಮನ ಮೇಲೆ ಇವಳಿಗೆ ಅದೇನು ಹಗೆಯೋ ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಎಲ್ಲರೂ ಹೋದ ಮೇಲೆ ಜವರ ನನ್ನೆದುರು ಬಂದು ನಿಂತ. ಅವನ ಕಣ್ಣುಗಳು ಕೆಂಪಾಗಿದ್ದವು.

"ಗೊತ್ತಾಗಿತ್ತು ಅಂದ್ಮೇಲೆ ಹೇಳ್ಬುಡಬೇಕಿತ್ತು. ಕಳ್ಳ ಅನ್ನುಸ್ಕೊಂಡಿದ್ರೂ ಇಷ್ಟು ನೋವಾಗ್ತಿರ್ಲಿಲ್ಲ. ಬಾಯಲ್ಲಿ ಕುರುಕು ಅಂತಿರೋವಾಗ್ಲೂ ಮೆತ್ತಗೆ ಅಂದ್ಯಲ್ಲಕ್ಕ!"

"ಬೇಲೀನೇ ಎದ್ದು ಹೊಲ ಮೇಯ್ದ್ರೆ ಕಾಯೋರ್ಯಾರು ಅಂತ ನಾಳೆ ನೀನೇ ಕೇಳ್ತೀಯ. ಅದಿರ್ಲಿ, ಜವರ, ಒಂದು ಹೇಳು. ಇವಳ ಉಸಿರುನೀರು ಎಲ್ಲಿ ತುಂಬ್ದೆ?"

ಅವತ್ತಿನ ಪುರಿಯಲ್ಲಿ ಕಂಪು ಇಲ್ಲದ್ದರಿಂದಲೇ ನನಗೆ ಅದು ಏನಿರಬಹುದೆಂದು ಹೊಳೆದಿತ್ತು. ಅದು ಮರದ್ದಲ್ಲ. ನಾವೆಲ್ಲ ಒಂದು ವರ್ಷ ಸಂಭ್ರಮದಿಂದ ಮುಡಿದ ಹೂವಿನದು. ಉಳಿದ ದೋಣಿಗಳ ಉಸಿರುನೀರು ಬಳ್ಳಿ ಬರುವ ಮುಂಚಿನದು, ಶುದ್ಧ. ಕೆಂಚಿ ಹುಟ್ಟಿದ್ದು ಹೂ ಬಂದ ವರ್ಷ. ಊರಿಗೆ ಊರೇ ದೋಣಿಯ ಮೈ ಒಣಗಿಸುವುದರಲ್ಲಿ ಮುಳುಗಿತ್ತು. ಒಳಗಿನ ಒಂದು ಬೊಗಸೆ ಯಾರ ನೆನಪಿಗೂ ಬರಲಿಲ್ಲ. ಉಸಿರನ್ನು ಕೊಳೆಯೆಂದು ಯಾರು ಅನುಮಾನಿಸುತ್ತಾರೆ?

ಜವರ ಕೆಂಚಿಯ ತಳದ ರಾಳವನ್ನು ಬೆರಳಿನಿಂದ ಸವರಿದ. ಆಮೇಲೆ, "ಹೂ ಇದ್ದ ಮೂಲೇಲೇ ಮೊಗೆದೆ ಅಕ್ಕ. ಶುಭ ಅಂತ. ಹೊಂಬಾಳೆ ಮುಡಿಯಿಂದ ಒಂದು ಮೊಗ್ಗನ್ನೂ ಕಿತ್ತು ಒಳೀಕೆ ಹಾಕಿದ್ದೆ," ಎಂದ. ಹೇಳುತ್ತಾ ಹೇಳುತ್ತಾ ಅವನಿಗೇ ಅರ್ಥವಾಯಿತು. ಕೆಂಚಿಯ ಪಕ್ಕ ಕೂತ.

"ಬೆಣೆ ಎಲ್ಲೋ ಸಡಿಲ ಆಗೈತೆ, ಅದಕ್ಕೇ ಪುರಿ ಮೆತ್ತಗಾಗದು. ತೆಗೆದು ಚೆಲ್ಲಿಬುಡು ಕಣೋ."

"ಉಸಿರು ತೆಗೆದ್ರೆ ಬದುಕ್ತಾಳಾ? ಯಾರಾದ್ರೂ ತೆಗೆದವ್ರೆ ಏನು, ಹೇಳು?"

ಯಾರೂ ತೆಗೆದವರಿರಲಿಲ್ಲ. ಹಾಗಂತ ಹೇಳಿದೆ. ಸುಟ್ಟರೆ ಬೂದಿಯಾಗುತ್ತಾಳೆ, ತೆಗೆದರೆ ಏನೋ ಗೊತ್ತಿಲ್ಲ, ಗೊತ್ತಿಲ್ಲದ್ದರಲ್ಲಿ ಒಂದು ಆಸೆಯಾದರೂ ಇದೆಯಲ್ಲ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಕೆಂಚಿಯ ಮೈ ಮೇಲೆ ಕೈ ಇಟ್ಟುಕೊಂಡು, "ನಿನ್ನ ಕೈಯಲ್ಲಿ ನಿನ್ನ ಕೂಸನ್ನ ಹಾಗೆ ಮಾಡ್ತಿದ್ಯಾ?" ಎಂದು ಕೇಳಿ ಎದ್ದು ಹೋದ. ನನಗೆ ಮಕ್ಕಳಿಲ್ಲ. ಅದು ಅವನಿಗೆ ಗೊತ್ತಿದೆ. ಸಿಟ್ಟಿನಲ್ಲಿ ಮರೆತನೋ, ನೆನಪಿದ್ದೇ ಅಂದನೋ, ಇವತ್ತಿಗೂ ನಾನು ಕೇಳಿಲ್ಲ.

ಮರುದಿನ ಮಧ್ಯಾಹ್ನ ಮೊದಲ ಮಳೆಗಾಳಿ ಬೀಸಿತು. ಊರೆಲ್ಲ ಉಂಡು ಮಲಗಿತ್ತು. ನಾನೂ ಕಲ್ಲಿಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದ್ದೆ. ತೆರೆದಾಗ ಗೂಟಕ್ಕೆ ಹರಿದ ಹಗ್ಗ ನೇತಾಡುತ್ತಿತ್ತು, ಕೆಂಚಿ ಇರಲಿಲ್ಲ. ಓಡಿಬಂದು ನೋಡಿದರೆ ಅವಳು ಪಡುವಲ ಇಳಿಜಾರಿನ ಅರ್ಧಕ್ಕೆ ಹೋಗಿದ್ದಳು. ಮೂತಿ ನೇರ ಚಿಕ್ಕಮ್ಮನ ಕೆರೆಯ ಕಡೆಗೆ.

ನಾನು ಅವಳ ಮೇಲೆ ಕಣ್ಣು ನೆಟ್ಟು ನಿಂತೆ. ಬೇರೆ ದಾರಿಯಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದು ಬಾಯಿಮಾತಿಗೆ ಅನ್ನುತ್ತೇವೆ; ಗಾಳಿ ಧೂಳನ್ನು ಎತ್ತಿ ಮುಖಕ್ಕೆ ಎರಚುವಾಗ ರೆಪ್ಪೆ ಬಡಿಯದೆ ನಿಲ್ಲುವುದು ಏನೆಂದು ನನಗೆ ಅವತ್ತೇ ತಿಳಿದದ್ದು. "ಜವರಾ!" ಎಂದು ಕೂಗಿದೆ. ಕೂಗುವಾಗ ಒಮ್ಮೆ ರೆಪ್ಪೆ ಬಿತ್ತು. ಕೆಂಚಿ ಒಂದು ಮಾರು ಕೆಳಗೆ. ಇನ್ನೊಮ್ಮೆ ಬಿತ್ತು, ಇನ್ನೊಂದು ಮಾರು. ಕಣ್ಣಿಂದ ಧಾರೆಧಾರೆಯಾಗಿ ನೀರು ಇಳಿಯುತ್ತಿತ್ತು. ಜವರ ಓಡಿಬಂದು ನನ್ನ ಪಕ್ಕ ನಿಲ್ಲುವಷ್ಟರಲ್ಲಿ ಅವಳ ಮೂತಿಗೂ ನೀರಿಗೂ ಒಂದು ಗೇಣು ಉಳಿದಿತ್ತು.

"ನನ್ನ ಕೈಲಿ ಇನ್ನಾಗಾಕಿಲ್ಲ ಕಣೋ. ನೀನು ನೋಡು," ಎಂದು ಕಣ್ಣು ಮುಚ್ಚಿದೆ.

ಮುಚ್ಚಿದ ಕಣ್ಣಿನ ಹಿಂದೆ ನಾನು ಎಣಿಸಿದ್ದು ಒಂದೇ: ಇವನು ಈಗ ಒಂದು ರೆಪ್ಪೆ ಬಡಿದರೆ ಸಾಕು. ಯಾರೂ ತಪ್ಪು ಹೊರಿಸುವಂತಿಲ್ಲ, ಧೂಳು ಬಿತ್ತು ಅಂದರೆ ಮುಗಿಯಿತು. ಅವನ ದೋಣಿ ಉಳಿಯುತ್ತದೆ. ಅವನು ದೀರ್ಘವಾಗಿ ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. ಆಗ 'ಅಯ್ಯೋ' ಎಂದ ಹೆಣ್ಣುದನಿ ಕೇಳಿ ಕಣ್ಣು ತೆರೆದೆ. ಕೆರೆಯ ಮೆಟ್ಟಿಲ ಬಳಿ ಕುಡಿಯುವ ನೀರು ತುಂಬಲು ಬಂದಿದ್ದ ಹೊಂಬಾಳೆ ಬಿಂದಿಗೆ ಬಿಟ್ಟು ಓಡಿಬಂದು, ತುಂಬಿದ ಹೊಟ್ಟೆಯೊಂದಿಗೆ ದೋಣಿಗೂ ನೀರಿಗೂ ನಡುವೆ ನಿಂತಿದ್ದಳು. ಹಿಂದಿನ ರಾತ್ರಿಯೇ ಜವರ ಅವಳಿಗೆ ಎಲ್ಲ ಹೇಳಿದ್ದನಂತೆ.

"ನನ್ನ ಮುಡೀಲಿದ್ದ ಹೂ ಕಣಯ್ಯ ಅದು," ಎಂದಳು. "ಈ ನೀರೂ ಹಾಳಾದ್ರೆ ಹುಟ್ಟೋ ಕೂಸಿನ ಬಾಯಿಗೆ ಏನು ಬುಡ್ಲಿ? ತೆಗಿ ಅದನ್ನ."

ಜವರ ಅಳುತ್ತಿದ್ದ. ಅಳುತ್ತಿದ್ದರೂ ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿದುಕೊಂಡಿದ್ದ. ಕೆಂಚಿ ಒಂದು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

ಕೂಗಾಟಕ್ಕೆ ಎದ್ದು ಬಂದ ಜನರೂ ಸೇರಿ ಹಗ್ಗ ಕಟ್ಟಿ, ಸರದಿಯ ಮೇಲೆ ಕಣ್ಣು ಕಾವಲಿಟ್ಟು, ಅವಳನ್ನು ಮತ್ತೆ ದಿನ್ನೆಗೆ ಎಳೆದೆವು. ಬಿಳಿಗಿರಯ್ಯ ಸೌದೆ ಒಟ್ಟಲು ಹೇಳಿದ. ಮೋಡ ತಲೆಯ ಮೇಲಿತ್ತು. ಜವರ ಅವನ ಕಾಲಿಗೂ ಬೀಳಲಿಲ್ಲ, ಕೂಗಾಡಲೂ ಇಲ್ಲ. "ಒಂದು ಬಾಚಿ ಕೊಡಿ ಮಾವ," ಎಂದ. ಆಮೇಲೆ ಪುರಿ ಬದಲಾಯಿಸಿದ್ದರಿಂದ ಹಿಡಿದು ಮೊಗ್ಗು ಹಾಕಿದ್ದರವರೆಗೆ ತಾನೇ ಎಲ್ಲರೆದುರು ಹೇಳಿಕೊಂಡ. ನಾನು ಮುಚ್ಚಿಟ್ಟದ್ದನ್ನು ಅವನೇ ಬಿಚ್ಚಿದ. ಬಿಳಿಗಿರಯ್ಯ ನನ್ನ ಕಡೆ ಒಮ್ಮೆ ನೋಡಿ, ಮನೆಯಿಂದ ಮರ ಕೆತ್ತುವ ಬಾಚಿ ತರಿಸಿದ.

ಕಾದ ಬಂಡೆಯ ಮೇಲೆ, ಎರಡೂ ಕೆರೆಗಳಿಂದ ದೂರ, ಜವರ ಕೆಂಚಿಯ ತಳಕ್ಕೆ ಬಾಚಿ ಇಟ್ಟ. ಮೊದಲ ಏಟು ಬೀಳುವಾಗ ಹೊಂಬಾಳೆ ನನ್ನ ಕೈ ಹಿಡಿದುಕೊಂಡಳು. ರಾಳ ಸಿಡಿಯಿತು, ಬೆಣೆ ಎದ್ದಿತು. ಒಂದು ಬೊಗಸೆ ನೀರು ಬಂಡೆಯ ಮೇಲೆ ಚೆಲ್ಲಿತು, ಆ ಸಿಹಿ ಕಂಪು ಎಲ್ಲರ ಮೂಗಿಗೂ ಬಂತು. ನೀರಿನ ಹಿಂದೆಯೇ ಬೆಳ್ಳಗಿನ ಒಂದು ಬಳ್ಳಿ ಜಾರಿಬಂತು. ಅಷ್ಟು ಕಾಲ ಬಿಸಿಲು ಕಾಣದೆ ಬೆಳ್ಳಗಾಗಿದ್ದರೂ ಮೈತುಂಬ ಬೇರು ಬಿಟ್ಟಿತ್ತು, ತುದಿಯಲ್ಲಿ ಮೊಗ್ಗಿತ್ತು. ಬಂಡೆಯ ಕಾವಿಗೆ ನೋಡನೋಡುತ್ತಿದ್ದಂತೆ ಮುದುಡಿತು. ಬಿಳಿಗಿರಯ್ಯ ಅದನ್ನು ಕಡ್ಡಿಯಿಂದ ಎತ್ತಿ ಸೌದೆಯ ಮೇಲಿಟ್ಟು ಬೆಂಕಿ ಕೊಟ್ಟ. ದೋಣಿಗೆಂದು ತಂದ ಸೌದೆಯೆಲ್ಲ ಒಂದು ಗೇಣುದ್ದದ ಬಳ್ಳಿಗೆ ಉರಿಯಿತು.

ಮಳೆ ನಮ್ಮ ಮೇಲೆ ಕರುಣೆ ತೋರಿಸಿ ಇನ್ನೊಂದಿಷ್ಟು ದಿನ ದೂರ ನಿಂತಿತು. ಕೆಂಚಿಯ ತೆರೆದ ಹೊಟ್ಟೆ ಬಿಸಿಲಿಗೆ ಬಿರಿಯುವಂತೆ ಒಣಗಿತು. ಪುರಿ ಇಟ್ಟು ಜಗಿದೆ. ನಿಜವಾಗಿಯೂ ಕುರುಕೆಂದಿತು, ಬೇರೆ ಯಾವ ರುಚಿಯೂ ಇರಲಿಲ್ಲ. ಜವರ ಚಿಕ್ಕಮ್ಮನ ಕೆರೆಯಿಂದ ಬೊಗಸೆಯಲ್ಲಿ ನೀರು ತಂದು ಪೊಳ್ಳಿಗೆ ತುಂಬಿದ, ಹೊಸ ಬೆಣೆ ಬಡಿದ, ಹೊಂಬಾಳೆ ರಾಳ ಕಾಯಿಸಿಕೊಟ್ಟಳು. ದೋಣಿಯನ್ನು ಅಂಗಾತ ಮಾಡಿ ಮೂತಿಯನ್ನು ಚಿಕ್ಕಮ್ಮನ ಕೆರೆಯತ್ತ ತಿರುಗಿಸಿ ಇಟ್ಟೆವು. ಮಾರನೆಯ ಬೆಳಗ್ಗೆ ಎರಡು ಕಡೆಯವರೂ ದಿನ್ನೆಗೆ ಬಂದರು. ಅಷ್ಟು ಜನರೂ ಒಟ್ಟಿಗೆ ಬೆನ್ನು ತಿರುಗಿಸಿ ದೊಡ್ಡಮ್ಮನ ಕೆರೆಯ ಕಡೆ ಮುಖ ಮಾಡಿ ನಿಂತೆವು. ಯಾರೂ ಕೆಮ್ಮಲಿಲ್ಲ. ಕಂಕುಳ ಕೂಸುಗಳ ಕಣ್ಣಿಗೂ ತಾಯಂದಿರು ಸೆರಗು ಮುಚ್ಚಿದ್ದರು.

ಬಹಳ ಹೊತ್ತಾದ ಮೇಲೆ ನಾನು ತಿರುಗಿದೆ. ಕೆಂಚಿ ಇಟ್ಟಲ್ಲೇ ಇದ್ದಳು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು, ನೋಡಿದರು, ಮತ್ತೆ ಬೆನ್ನು ತಿರುಗಿಸಿ ಇನ್ನಷ್ಟು ಹೊತ್ತು ನಿಂತರು, ಮತ್ತೆ ನೋಡಿದರು. ಜವರ ಒಬ್ಬನೇ ಒಮ್ಮೆಯೂ ತಿರುಗಲಿಲ್ಲ.

"ಅಕ್ಕ, ಹೊಂಟಳಾ?" ಎಂದು ಆ ಕಡೆ ಮುಖ ಮಾಡಿಕೊಂಡೇ ಕೇಳಿದ.

ನಾನು ಬಾಯಿ ತೆರೆದೆ. ಬಿಳಿಗಿರಯ್ಯ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದ. ಮೆಟ್ಟು ಬಿಟ್ಟು, ಪಂಚೆ ಮೇಲೆ ಕಟ್ಟಿ, ಬರಿಗಾಲಲ್ಲಿ ಮೆಲ್ಲಗೆ ಹೋಗಿ ಕೆಂಚಿಗೆ ಹೆಗಲು ಕೊಟ್ಟ. ನಾನೂ ಹೋದೆ. ಹಿಂದೆಯೇ ನಾಲ್ಕಾರು ಜನ ಬಂದರು. ಹಲ್ಲು ಕಚ್ಚಿ ತಳ್ಳಿದೆವು. ಉಸಿರು ನಿಂತ ದೋಣಿ ಇಷ್ಟೊಂದು ಭಾರವಿರುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಮಾರು ಸರಿಯಿತು.

"ಹೂಂ ಕಣೋ, ಹೊಂಟಳು," ಎಂದೆ. ಏದುಸಿರು ಕೇಳಿಸದ ಹಾಗೆ ಹೇಳಲು ನೋಡಿದೆ.

ಜವರನ ಬೆನ್ನು ಒಮ್ಮೆ ಅಲುಗಿತು. ನಾವು ಇನ್ನೊಂದು ಮಾರು ತಳ್ಳಿದೆವು.

"ಸಾಕು ಬುಡಕ್ಕ," ಎಂದ. "ನನ್ನ ಕೆಂಚಿ ಯಾವತ್ತೂ ಸಪ್ಪಳ ಮಾಡ್ದೋಳಲ್ಲ."

ಅವನು ಟವೆಲಿನಿಂದ ಮುಖ ಒರೆಸಿಕೊಂಡು ತಿರುಗಿದ. ಯಾರ ಮುಖವನ್ನೂ ನೋಡದೆ ಬಂದು, ನನ್ನನ್ನೂ ಬಿಳಿಗಿರಯ್ಯನನ್ನೂ ಸ್ವಲ್ಪ ಸರಿಸಿ, ನಡುವೆ ತನ್ನ ಹೆಗಲು ಕೊಟ್ಟ.

"ಎಲ್ಲಾ ಒಂದೇ ಸಲ ತಳ್ಳಿ," ಎಂದ. ನಾವು ತಳ್ಳಿದೆವು.